ಸೂಟಿನ ಕೋಟನ್ನು ಬೇರೆ ಪ್ಯಾಂಟಿನೊಂದಿಗೆ ತೊಡಬಹುದೇ? ಬಿಸಿನೆಸ್ ಕ್ಯಾಶುವಲ್ ಉಡುಪಿನ ಬಗ್ಗೆ ಸಲಹೆ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಹೊಸ ಕೆಲಸಕ್ಕೆ ಸೇರಲಿದ್ದೇನೆ. ಉಡುಪು ‘ಬಿಸಿನೆಸ್ ಕ್ಯಾಶುವಲ್’ (ಸೂಟು-ಟೈಯಷ್ಟು ಔಪಚಾರಿಕವಲ್ಲದ ಕಚೇರಿ ಉಡುಪು) ಆಗಿರಬೇಕು ಎಂದಷ್ಟೇ ಅಲ್ಲಿಯವರು ತಿಳಿಸಿದ್ದಾರೆ. ಇದುವರೆಗೆ ಸಮವಸ್ತ್ರವಿದ್ದ ಕಡೆಯೇ ದುಡಿದಿದ್ದರಿಂದ ನನಗೆ ಇದರ ಅಭ್ಯಾಸವಿಲ್ಲ. ಸದ್ಯ ನನ್ನ ಬಳಿ ಕಡುನೀಲಿ ಬಣ್ಣದ ಒಂದು ಸೂಟು, ಎರಡು ಬಿಳಿ ಶರ್ಟು, ಕೆಲವು ಜೀನ್ಸ್ ಹಾಗೂ ಒಂದು ಜೊತೆ ಕಪ್ಪು ಲೇಸಿನ ಶೂಗಳಿವೆ. ಸೂಟಿನ ಕೋಟನ್ನೇ ಬೇರೆ ಪ್ಯಾಂಟಿನ ಮೇಲೆ ತೊಟ್ಟರೆ ನಡೆಯುತ್ತದೆಯೇ? ಎಲ್ಲವನ್ನೂ ಒಮ್ಮೆಗೇ ಕೊಳ್ಳಲು ಸಾಧ್ಯವಿಲ್ಲದ ಕಾರಣ, ಮೊದಲು ಯಾವುದನ್ನು ಕೊಂಡರೆ ಇರುವ ಬಟ್ಟೆಗಳೊಂದಿಗೆ ಹೊಂದುತ್ತದೆ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಸೂಟಿನ ಕೋಟನ್ನು ದಯವಿಟ್ಟು ಸೂಟಿಗೇ ಉಳಿಸಿಕೊಳ್ಳಿ. ಸಾಮಾನ್ಯವಾಗಿ ಸೂಟಿನ ಬಟ್ಟೆ ನುಣುಪಾದ ಉಣ್ಣೆಯದ್ದಾಗಿದ್ದು, ಬೆಳಕಿಗೆ ತುಸು ಹೊಳೆಯುತ್ತದೆ. ಚಿನೋ ಎಂಬ ಸಾದಾ ಹತ್ತಿ ಪ್ಯಾಂಟಿನ ಪಕ್ಕದಲ್ಲಿ ಆ ನುಣುಪು ಎದ್ದು ಕಂಡು, ಸೂಟಿನ ಪ್ಯಾಂಟನ್ನು ಎಲ್ಲೋ ಕಳೆದುಕೊಂಡು ಬಂದವರಂತೆ ತೋರುತ್ತದೆ. ಇನ್ನೊಂದು ತೊಂದರೆಯೂ ಇದೆ. ಕೋಟನ್ನು ಮಾತ್ರ ಹೆಚ್ಚು ಬಳಸಿದರೆ ಅದು ಪ್ಯಾಂಟಿಗಿಂತ ಬೇಗ ಸವೆದು ಬಣ್ಣ ಕುಂದುತ್ತದೆ. ಮುಂದೆ ಎರಡನ್ನೂ ಸೂಟಾಗಿ ತೊಡಬೇಕಾದ ದಿನ ಅವು ಒಂದೇ ಜೋಡಿಯೆಂದು ಅನ್ನಿಸುವುದಿಲ್ಲ. ಬ್ಲೇಜರ್ ಎಂದು ಪ್ರತ್ಯೇಕವಾಗಿ ಹೊಲಿದ ಕೋಟಿನ ನೇಯ್ಗೆ ಸಾಮಾನ್ಯವಾಗಿ ಒರಟಾಗಿರುತ್ತದೆ, ಭುಜದೊಳಗಿನ ಮೆತ್ತೆ (ಪ್ಯಾಡ್) ತೆಳುವಾಗಿರುತ್ತದೆ ಅಥವಾ ಇರುವುದೇ ಇಲ್ಲ. ಆದ್ದರಿಂದಲೇ ಅದು ಟೈ ಇಲ್ಲದೆಯೂ ಚೆನ್ನಾಗಿ ಕಾಣುತ್ತದೆ.

ಆದರೂ ಮೊದಲು ಕೊಳ್ಳಬೇಕಾದದ್ದು ಪ್ಯಾಂಟು. ನಡುಬೂದು ಬಣ್ಣದ ಉಣ್ಣೆಯ ಪ್ಯಾಂಟು ಒಂದು, ಖಾಕಿ ಅಥವಾ ತಿಳಿಕಂದು ಚಿನೋ ಒಂದು ಇದ್ದರೆ ನಿಮ್ಮ ಬಿಳಿ ಶರ್ಟುಗಳು ಎರಡಕ್ಕೂ ಹೊಂದುತ್ತವೆ. ಮುಂದೆ ಕಡುನೀಲಿ ಬ್ಲೇಜರ್ ಕೊಂಡರೆ ಅದೂ ಎರಡರ ಮೇಲೂ ಒಪ್ಪುತ್ತದೆ. ಕೋಟು ಮತ್ತು ಪ್ಯಾಂಟಿನ ಬಣ್ಣಗಳ ನಡುವೆ ಅಂತರ ಸ್ಪಷ್ಟವಾಗಿರಬೇಕು. ಕಡುನೀಲಿ ಬ್ಲೇಜರಿನ ಕೆಳಗೆ ಹೆಚ್ಚುಕಡಿಮೆ ಅದೇ ನೀಲಿಯ ಪ್ಯಾಂಟು ತೊಟ್ಟರೆ, ಸೂಟನ್ನು ಜೋಡಿಸಲು ಹೋಗಿ ತಪ್ಪಿದಂತೆ ಕಾಣುತ್ತದೆ.

ಬ್ಲೇಜರ್ ತೊಟ್ಟು ನೋಡುವಾಗ ಭುಜವನ್ನೇ ಮೊದಲು ಗಮನಿಸಿ. ತೋಳಿನ ಹೊಲಿಗೆ ನಿಮ್ಮ ಭುಜದ ಅಂಚಿಗೆ ಸರಿಯಾಗಿ ಬರಬೇಕು. ಸೊಂಟದ ಸುತ್ತಳತೆಯನ್ನೂ ತೋಳಿನ ಉದ್ದವನ್ನೂ ದರ್ಜಿಗಳು ಸುಲಭವಾಗಿ ತಿದ್ದಿಕೊಡುತ್ತಾರೆ, ಆದರೆ ಭುಜವನ್ನು ತಿದ್ದುವುದು ಬಹಳ ಕಷ್ಟದ, ದುಬಾರಿಯ ಕೆಲಸ. ಕೈ ಇಳಿಬಿಟ್ಟಾಗ ಕೋಟಿನ ತೋಳಿನಿಂದ ಶರ್ಟಿನ ತುದಿ ಸುಮಾರು 1 ಸೆಂಟಿಮೀಟರ್ ಹೊರಗೆ ಕಾಣಬೇಕು.

ಉತ್ತರ 2

ಮೇಲಿನ ಸಲಹೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಬ್ಲೇಜರಿಗೆ ಇಷ್ಟು ಮಹತ್ವ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಅನೇಕ ಕಚೇರಿಗಳಲ್ಲಿ ಅದನ್ನು ಯಾರೂ ತೊಡುವುದಿಲ್ಲ. ಈ ಉಡುಪಿಗೆ ಖಚಿತ ನಿಯಮಗಳು ಮೊದಲಿನಿಂದಲೂ ಇರಲಿಲ್ಲ. ಅಮೆರಿಕದ ಕಂಪನಿಗಳು ಸೂಟಿನ ಕಟ್ಟುಪಾಡನ್ನು ಸಡಿಲಿಸತೊಡಗಿದಾಗ ಏನು ತೊಡಬೇಕೆಂಬ ಗೊಂದಲ ಎಷ್ಟಿತ್ತೆಂದರೆ, 1992ರಲ್ಲಿ ಜೀನ್ಸ್ ತಯಾರಿಸುವ ಲೆವಿ ಸ್ಟ್ರಾಸ್ ಕಂಪನಿಯು ಇದರ ಬಗ್ಗೆ ಒಂದು ಕೈಪಿಡಿಯನ್ನೇ ಅಚ್ಚು ಹಾಕಿಸಿ ಸುಮಾರು 25,000 ಮಾನವ ಸಂಪನ್ಮೂಲ ಅಧಿಕಾರಿಗಳಿಗೆ ಕಳುಹಿಸಿತು. ಆ ಕಂಪನಿಯೇ ಡಾಕರ್ಸ್ ಹೆಸರಿನಲ್ಲಿ ಖಾಕಿ ಪ್ಯಾಂಟುಗಳನ್ನು ಮಾರುತ್ತಿತ್ತು ಎಂಬುದನ್ನು ನೆನೆದರೆ, ಈ ಉಡುಪಿನಲ್ಲಿ ಖಾಕಿಗೆ ಇಷ್ಟು ದೊಡ್ಡ ಸ್ಥಾನ ದೊರೆತದ್ದು ಆಶ್ಚರ್ಯವಲ್ಲ. ಹಾಗಾಗಿ ಮೊದಲ ವಾರ ತುಸು ಔಪಚಾರಿಕವಾಗಿಯೇ ಹೋಗಿ, ನಿಮ್ಮ ವಿಭಾಗದ ಹಿರಿಯರು ಏನು ತೊಡುತ್ತಾರೆಂಬುದನ್ನು ನೋಡಿ, ಬ್ಲೇಜರಿನ ನಿರ್ಧಾರವನ್ನು ಆಮೇಲೆ ಮಾಡಿ.

ನಾನಾಗಿದ್ದರೆ ಆ ಹಣವನ್ನು ಶರ್ಟುಗಳಿಗೆ ಹಾಕುತ್ತಿದ್ದೆ. ಟೈ ಇಲ್ಲದಾಗ ನೋಡುವವರ ಕಣ್ಣು ಕಾಲರಿನ ಮೇಲೆಯೇ ನಿಲ್ಲುತ್ತದೆ. ಮೆತ್ತನೆಯ ಕಾಲರು ಮಧ್ಯಾಹ್ನದೊಳಗೆ ಎರಡೂ ಬದಿಗೆ ಕುಸಿದು ಬೀಳುತ್ತದೆ, ಎಷ್ಟು ಇಸ್ತ್ರಿ ಮಾಡಿದರೂ ನಿಲ್ಲುವುದಿಲ್ಲ. ಕಾಲರಿನ ತುದಿಗಳಿಗೆ ಗುಂಡಿಯಿರುವ, ಆಕ್ಸ್‌ಫರ್ಡ್ ಬಟ್ಟೆಯ ತಿಳಿನೀಲಿ ಶರ್ಟೊಂದನ್ನು ಕೊಂಡು ನೋಡಿ. ಅದರ ದಪ್ಪ ನೇಯ್ಗೆ ಚಿನೋಗೂ ಹೊಂದುತ್ತದೆ, ಬೂದು ಪ್ಯಾಂಟಿಗೂ ಹೊಂದುತ್ತದೆ. ಶರ್ಟಿನ ಅಂಚು ಮುಂದೆ ಹಿಂದೆ ಉದ್ದವಾಗಿ ಬಾಗಿದ್ದರೆ ಅದು ಪ್ಯಾಂಟಿನೊಳಗೆ ಸೇರಿಸುವುದಕ್ಕೆಂದೇ ಹೊಲಿದದ್ದು. ಒಳಗೆ ಬನಿಯನ್ ತೊಡುವುದಾದರೆ ಅದರ ಕುತ್ತಿಗೆ, ಬಿಚ್ಚಿದ ಮೇಲ್ಗುಂಡಿಯ ಸಂದಿಯಲ್ಲಿ ಇಣುಕದಷ್ಟು ಆಳವಾಗಿರಲಿ.

ಉತ್ತರ 3

ಶೂಗಳ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಕಪ್ಪು ಶೂಗಳು ಬೂದು ಪ್ಯಾಂಟಿಗೆ ನಡೆಯುತ್ತವೆ. ಖಾಕಿಯ ಕೆಳಗೆ ಅವು ತೀರಾ ಭಾರವಾಗಿ ಕಾಣುತ್ತವೆ. ಕಡುಕಂದು ಬಣ್ಣದ ಡರ್ಬಿ (ಲೇಸು ಕಟ್ಟುವ ಶೂ) ಅಥವಾ ಲೋಫರ್ (ಲೇಸಿಲ್ಲದ ಶೂ) ಒಂದು ಜೊತೆ ಕೊಂಡರೆ ಎರಡೂ ಪ್ಯಾಂಟುಗಳಿಗೆ ಸಾಕು. ಬೆಲ್ಟು ಶೂಗಳ ಬಣ್ಣಕ್ಕೆ ಸಮೀಪವಿರಲಿ, ಕಾಲುಚೀಲ ಪ್ಯಾಂಟಿನ ಬಣ್ಣವನ್ನು ಹೋಲಲಿ. ಚರ್ಮದ ಶೂಗಳನ್ನು ಒಂದು ದಿನ ಹಾಕಿಕೊಂಡರೆ ಮರುದಿನ ಬಿಡುವು ಕೊಡಬೇಕು. ಒಳಗೆ ಹೀರಿಕೊಂಡ ಬೆವರು ಆರದೆ ಮತ್ತೆ ಮತ್ತೆ ಧರಿಸಿದರೆ ಚರ್ಮ ಬೇಗ ಹಾಳಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲು ಎರಡು ಪ್ಯಾಂಟು ಮತ್ತು ಕಂದು ಶೂಗಳನ್ನು ಕೊಳ್ಳಲು ನಿರ್ಧರಿಸಿದ್ದೇನೆ. ಇನ್ನೊಂದು ಸಂದೇಹ: ಇರುವ ಜೀನ್ಸ್‌ಗಳನ್ನು ಕಚೇರಿಗೆ ತೊಡಬಹುದೇ? ಪ್ಯಾಂಟಿನ ಉದ್ದ ಎಷ್ಟಿರಬೇಕು?

ಉತ್ತರ 1 ಬರೆದವರಿಂದ

ಹರಕು, ಮಾಸಲು ಗುರುತುಗಳಿಲ್ಲದ ಗಾಢ ನೀಲಿ ಜೀನ್ಸ್ ಕೆಲವು ಕಚೇರಿಗಳಲ್ಲಿ ನಡೆಯುತ್ತದೆ, ಕೆಲವು ಕಡೆ ನಡೆಯುವುದಿಲ್ಲ. ಎರಡನೆಯ ಉತ್ತರದಲ್ಲಿ ಹೇಳಿರುವಂತೆ ಸಹೋದ್ಯೋಗಿಗಳನ್ನು ನೋಡಿದ ಮೇಲೆಯೇ ತೊಡಿ. ಪ್ಯಾಂಟಿನ ತುದಿ ಶೂವಿನ ಮೇಲ್ಭಾಗವನ್ನು ಮುಟ್ಟಿಯೂ ಮುಟ್ಟದಂತೆ ನಿಂತರೆ ಅಂದವಾಗಿರುತ್ತದೆ, ಅಲ್ಲಿ ಬಟ್ಟೆ ಮುದ್ದೆಯಾಗಿ ಸೇರಬಾರದು. ಹತ್ತಿಯ ಚಿನೋ ಮೊದಲ ಒಗೆತಕ್ಕೆ ಕುಗ್ಗುವುದುಂಟು. ಒಮ್ಮೆ ಒಗೆದು ಒಣಗಿಸಿದ ಬಳಿಕವೇ ದರ್ಜಿಗೆ ಕೊಡಿ, ಅಳತೆ ಕೊಡುವಾಗ ಹೊಸ ಕಂದು ಶೂಗಳನ್ನೇ ಹಾಕಿಕೊಂಡು ನಿಲ್ಲಿ.