ಪದಚರ್ಚೆ: ‘ಅಗಾಪೆ’ಗೆ ಕನ್ನಡದಲ್ಲಿ ಏನನ್ನೋಣ? (ಸೋಮವಾರದೊಳಗೆ ಬೇಕು)

ಗೆಳೆಯರೇ, ಒಂದು ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕ್ರಿ.ಶ. 64, ನೀರೋ ಕಾಲದ ರೋಮ್. ದೊಡ್ಡ ಮನೆಯ ಹುಡುಗ, ಆಳು ಹುಡುಗಿ. ಅವಳು ಕ್ರೈಸ್ತಳು. ಪ್ರೀತಿಗೆ ಗ್ರೀಕಿನಲ್ಲಿ ಅವನು ‘ಎರೋಸ್’ (ಗಂಡು-ಹೆಣ್ಣಿನ ಆಸೆಯ ಪ್ರೀತಿ) ಅನ್ನುತ್ತಾನೆ, ಅವಳು ‘ಅಗಾಪೆ’ (ತನಗೇನೂ ಬಯಸದ, ದೇವರ ಪ್ರೀತಿಯಂಥದ್ದು) ಅನ್ನುತ್ತಾಳೆ. (ಆಗ ರೋಮಿನ ಕ್ರೈಸ್ತರಲ್ಲಿ ಗ್ರೀಕ್ ಬಳಕೆಯಲ್ಲಿತ್ತು. ಕ್ರೈಸ್ತ ಧರ್ಮಪ್ರಚಾರಕ ಪೌಲ ಅವರಿಗೆ ಬರೆದ ಪತ್ರವೂ ಗ್ರೀಕಿನದೇ.) ಎರಡಕ್ಕೂ ‘ಪ್ರೀತಿ’ ಹಾಕಿದರೆ ಅವರ ಜಗಳವೇ ಮಾಯ! ‘ದೈವಪ್ರೇಮ’ ಅಂದರೆ ಹರಿಕಥೆ ಆಗುತ್ತದೆ.

ಅಚ್ಚಗನ್ನಡಿಗ ಬರೆದರು:
‘ಒಲವು’. ಮುಗೀತು. ಪ್ರೀತಿ, ಪ್ರೇಮ ಎರಡೂ ಸಂಸ್ಕೃತದ ಒಂದೇ ಧಾತುವಿನವು, ಅವುಗಳ ನಡುವೆ ಏನು ಗೆರೆ ಎಳೆಯುತ್ತೀರಿ? ‘ಒಲಿ’ ನಮ್ಮದು. ಅಕ್ಕಮಹಾದೇವಿ ‘ರೂಹಿಲ್ಲದ ಚೆಲುವಂಗೆ’ ಒಲಿದವಳಲ್ವಾ?

ಕರಾವಳಿ ಓದುಗಿ ಬರೆದರು:
ಆ ವಚನದ ಕೊನೆಯನ್ನೂ ಓದಿ ಸ್ವಾಮಿ. ಸಾಯುವ ಕೆಡುವ ಗಂಡಂದಿರನ್ನು ಒಲೆಗೆ ಹಾಕು ಅನ್ನುತ್ತಾಳೆ. ಅವಳು ಒಲಿದದ್ದು ಚೆನ್ನಮಲ್ಲಿಕಾರ್ಜುನನೆಂಬ ಗಂಡನಿಗೆ. ಆ ಒಲವಿನಲ್ಲಿ ಎರೋಸ್, ಅಗಾಪೆ ಎರಡೂ ಕಲೆತಿವೆ, ಈ ಅನುವಾದಕ್ಕೆ ಬೇಕಾದದ್ದು ಬಿಡಿಸಿಡುವ ಪದ. ‘ದೇವರು ಪ್ರೀತಿಸ್ವರೂಪಿ’ ಅಂತ ಕನ್ನಡ ಬೈಬಲ್ಲಿನಲ್ಲೇ ಇದೆ. ಹುಡುಗಿಗೆ ‘ಪ್ರೀತಿ’ ಬಿಟ್ಟುಕೊಡಿ, ಹುಡುಗನಿಗೆ ‘ಮೋಹ’ ಕೊಡಿ.
ಅಂದಹಾಗೆ, ಅಗಾಪೆ ಹುಟ್ಟಿನಿಂದಲೇ ಮಡಿಯುಟ್ಟ ಪದ ಅಂತ ತಿಳಿಯಬೇಡಿ. ಬೈಬಲ್ಲಿನ ಅಮ್ನೋನ ತನ್ನ ಮಲತಂಗಿ ತಾಮಾರಳ ಮೇಲೆ ಕಣ್ಣು ಹಾಕಿದ ಕಥೆಯಲ್ಲಿ, ಗ್ರೀಕ್ ಹಳೆ ಒಡಂಬಡಿಕೆ ಬಳಸುವುದು ಅಗಾಪೆಯದೇ ಕ್ರಿಯಾಪದ.

ಅಚ್ಚಗನ್ನಡಿಗ:
‘ಮೋಹ’ವೂ ಸಂಸ್ಕೃತ. ಹಳಗನ್ನಡದಲ್ಲಿ ಗಂಡು-ಹೆಣ್ಣಿನ ಒಲವಿಗೆ ‘ಬೇಟ’ ಇದೆ.

ಕರಾವಳಿ ಓದುಗಿ:
‘ಬೇಟ’ ಅಂದರೆ ಹುಡುಗ ಬಿಲ್ಲು ಹಿಡಿದು ಕಾಡಿಗೆ ಹೊರಟ ಅಂದುಕೊಳ್ಳುತ್ತಾರೆ ಜನ.

ಇನ್ನೊಬ್ಬರು:
ಸುಮ್ನೆ ‘ಅಗಾಪೆ’ ಅಂತಲೇ ಇಡಿ. ‘ಪಾದ್ರಿ’ ಪೋರ್ಚುಗೀಸರಿಂದ ಬಂತು, ಯಾರಾದರೂ ವಾಪಸ್ ಕಳಿಸಿದರಾ?

ಅಚ್ಚಗನ್ನಡಿಗ:
ಕದ ತೆರೆದಿದೆ ಅಂತ ಕಂಡವರನ್ನೆಲ್ಲ ಒಳಗೆ ಕರೆಯುತ್ತೀರಾ? ಇದೇ ಸೋಮಾರಿತನದಿಂದ ಕನ್ನಡ ಈ ಗತಿಗೆ ಬಂದದ್ದು.

ಕೇಳಿದವರು:
ದಯವಿಟ್ಟು ಆ ಜಗಳ ಬೇರೆ ಓಲೆಯಲ್ಲಿ ಆಡಿ. ಅವಳಿಗೆ ‘ಪ್ರೀತಿ’, ಅವನಿಗೆ ‘ಮೋಹ’ ಅಂತ ಇಟ್ಟಿದ್ದೇನೆ. ಆದರೆ ಮುಂದಿನ ಅಧ್ಯಾಯದಲ್ಲಿ ಇನ್ನೊಂದು ತೊಡಕು. ಕ್ರೈಸ್ತರು ಜೊತೆಗೆ ಕೂತು ಉಣ್ಣುವ ಊಟಕ್ಕೂ ‘ಅಗಾಪೆ’ ಅಂತಲೇ ಹೆಸರು. ‘ಪ್ರೀತಿಯೂಟ’ ನಡೆಯುತ್ತಾ?

ಅಚ್ಚಗನ್ನಡಿಗ:
ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ. ‘ಒಲವೂಟ’ ಅನ್ನಿ.