ಕಾನ್ಸ್ಟ್ ಪರೀಕ್ಷೆ: ಪ್ರಶ್ನೋತ್ತರ

ಅರ್ಧವಿರಾಮ: ನಮಸ್ಕಾರ. ಜಾವಾಸ್ಕ್ರಿಪ್ಟ್‌ನಲ್ಲಿ ಕಾನ್ಸ್ಟ್ (ಮತ್ತೆ ಮೌಲ್ಯ ಕೊಡಲಾಗದ ಹೆಸರು) ಎಂದು ಘೋಷಿಸಿದ ವೇರಿಯಬಲ್‌ಗೆ ದೋಷ ಬರಬಹುದಾದ ಕೋಡನ್ನಿಡುವ ಟ್ರೈ ಒಳಗೆ ಹೊಸ ಮೌಲ್ಯ ಕೊಟ್ಟು, ದೋಷವನ್ನು ಹಿಡಿಯುವ ಕ್ಯಾಚ್‌ಗೆ ಸಿಕ್ಕ ದೋಷ ಟೈಪ್‌ಎರರ್ (ಇಂಥ ಮರುನಿಯೋಜನೆಗೆ ಬರುವ ದೋಷ) ಹೌದೇ ಎಂದು ನೋಡುವ ಪರೀಕ್ಷೆ ಬರೆದಿದ್ದೆ. ಸಹೋದ್ಯೋಗಿಯೊಬ್ಬರು ಕಾನ್ಸ್ಟ್ ತೆಗೆದು ಲೆಟ್ (ಮೌಲ್ಯ ಬದಲಿಸಬಹುದಾದ ಘೋಷಣೆ) ಹಾಕಿದ ಮೇಲೂ ಅದು ಪಾಸಾಗುತ್ತಿದೆ. ಏಕೆ?

ಪರಿಣತ: ಸೋಲುವ ಪರೀಕ್ಷೆಗಿಂತ ಇಂಥದ್ದು ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ. ಲೆಟ್ ಆದ ಮೇಲೆ ದೋಷವೇ ಹುಟ್ಟುವುದಿಲ್ಲ. ಹಾಗಾಗಿ ಕ್ಯಾಚ್ ಒಳಗಿನ ತಪಾಸಣೆ ನಡೆಯುವುದೇ ಇಲ್ಲ, ನಡೆಯದ ತಪಾಸಣೆ ಸೋಲುವುದೂ ಇಲ್ಲ. ದೋಷ ಬಾರದಿದ್ದರೆ ಪರೀಕ್ಷೆಯನ್ನೇ ಸೋಲಿಸುವ ಅಸರ್ಟ್.ಥ್ರೋಸ್ ಬಳಸಿ, ಆಮೇಲೆ ಹಳೆಯ ಮೌಲ್ಯ ಹಾಗೆಯೇ ಉಳಿದಿದೆಯೇ ಎಂಬುದನ್ನೂ ನೋಡಿ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಬಲೆಯಿದೆ: ಆ ವೇರಿಯಬಲ್ಲನ್ನು ಬೇರೆ ಮಾಡ್ಯೂಲ್ (ಕೋಡ್ ಕಡತ) ಒಂದರಲ್ಲಿಟ್ಟು ಪರೀಕ್ಷೆಯ ಕಡತಕ್ಕೆ ಇಂಪೋರ್ಟ್ ಮಾಡಿಕೊಂಡರೆ, ಮೂಲದಲ್ಲಿ ಅದು ಲೆಟ್ ಆಗಿದ್ದರೂ ಟೈಪ್‌ಎರರ್ ಬರುತ್ತದೆ, ಏಕೆಂದರೆ ಇಂಪೋರ್ಟ್ ಮಾಡಿಕೊಂಡ ಹೆಸರಿಗೆ ಹೊರಗಿನಿಂದ ಯಾರೂ ಮೌಲ್ಯ ಕೊಡುವಂತಿಲ್ಲ. ಆಗ ನೀವು ಪರೀಕ್ಷಿಸಿದ್ದು ಇಂಪೋರ್ಟನ್ನೇ ಹೊರತು ಕಾನ್ಸ್ಟನ್ನಲ್ಲ. ಐಫ್ರೇಮ್‌ನೊಳಗೆ (ಪುಟದೊಳಗೆ ಕೂರಿಸಿದ ಇನ್ನೊಂದು ಪುಟದೊಳಗೆ) ಹುಟ್ಟಿದ ದೋಷವಾದರೆ ಅದರ ಟೈಪ್‌ಎರರ್ ಬೇರೆ, ನಿಮ್ಮ ಪುಟದ ಟೈಪ್‌ಎರರ್ ಬೇರೆ. ಅಲ್ಲಿ ಬಗೆಯನ್ನು ತಪಾಸಿಸುವ ಇನ್‌ಸ್ಟನ್ಸ್‌ಆಫ್ ನಂಬದೆ ದೋಷದ ಹೆಸರನ್ನು ಹೋಲಿಸಿ.

ಹೊಸಚಿಗುರು: ಕಾನ್ಸ್ಟ್ ಅರೇಗೆ (ಮೌಲ್ಯಗಳ ಪಟ್ಟಿಗೆ) ಪುಶ್ ಮಾಡಿ ಹೊಸ ಅಂಶ ಸೇರಿಸಿದರೆ ದೋಷವೇ ಬರುವುದಿಲ್ಲವಲ್ಲ, ಸರ್?

ಪರಿಣತ: ಬರುವುದಿಲ್ಲ. ಹೆಸರಿಗೂ ಮೌಲ್ಯಕ್ಕೂ ಇರುವ ಕೊಂಡಿ ಮಾತ್ರ ಸ್ಥಿರ, ಅರೇಯ ಒಳಗಿನದಲ್ಲ.

ರಾತ್ರಿಪಾಳಿ: ಫಾರ್ ಲೂಪ್‌ನಲ್ಲಿ ಎಣಿಕೆಯ ವೇರಿಯಬಲ್ಲನ್ನು ಕಾನ್ಸ್ಟ್ ಮಾಡಿದರೆ ಮೊದಲ ಸುತ್ತು ಮುಗಿದ ಮೇಲೆಯೇ ದೋಷ ಬರುವುದೇಕೆ?

ಎರಡನೇಸಾಲು: ಒಂದೇ ಕಾನ್ಸ್ಟನ್ನು ಎರಡು ಸಲ ಘೋಷಿಸಿದರೆ ಬರುವ ದೋಷ ಟ್ರೈ-ಕ್ಯಾಚ್‌ಗೆ ಸಿಗುತ್ತಿಲ್ಲ.

ಪರಿಣತ: ಅದು ಸಿಂಟ್ಯಾಕ್ಸ್‌ಎರರ್ (ಬರವಣಿಗೆಯ ನಿಯಮದ ದೋಷ), ಕಡತವನ್ನು ಓದುವಾಗಲೇ ಹುಟ್ಟುವುದರಿಂದ ನಿಮ್ಮ ಟ್ರೈ ಸೇರಿದಂತೆ ಆ ಕಡತದ ಒಂದು ಸಾಲೂ ನಡೆದಿರುವುದಿಲ್ಲ. ಆ ಕೋಡನ್ನು ಸ್ಟ್ರಿಂಗ್ (ಪಠ್ಯ) ಆಗಿ, ನಡೆಯುವಾಗಲೇ ಅದನ್ನು ಓದುವ ನ್ಯೂ ಫಂಕ್ಷನ್‌ಗೆ ಕೊಟ್ಟರೆ ಸಿಗುತ್ತದೆ.

ತೆರೆದಬ್ರೇಸ್: ಅರೇಗೆ ಬದಲಾವಣೆ ತಡೆಯುವ ಆಬ್ಜೆಕ್ಟ್.ಫ್ರೀಜ್ ಹಾಕಿದರೆ ಎಲ್ಲವೂ ಭದ್ರವಾಗುತ್ತದೆ.

ಎರಡನೇಸಾಲು: ಆಗುವುದಿಲ್ಲ. ಅರೇಯೊಳಗಿನ ಆಬ್ಜೆಕ್ಟ್‌ಗಳು ಫ್ರೀಜ್ ಆಗದೆ ಉಳಿಯುತ್ತವೆ.

ತೆರೆದಬ್ರೇಸ್: ನಾನೇ ಪರೀಕ್ಷಿಸಿದ್ದೇನೆ. ಮೊದಲ ಅಂಶಕ್ಕೆ ಬೇರೆ ಮೌಲ್ಯ ಕೊಟ್ಟರೂ ಬದಲಾಗಲಿಲ್ಲ, ದೋಷವೂ ಬರಲಿಲ್ಲ.

ಎರಡನೇಸಾಲು: ನೀವು ಪರೀಕ್ಷಿಸಿದ್ದು ಮೇಲಿನ ಪದರವನ್ನು ಮಾತ್ರ. ದೋಷ ಬಾರದಿದ್ದುದು ಸ್ಟ್ರಿಕ್ಟ್ ಮೋಡ್ (ಜಾವಾಸ್ಕ್ರಿಪ್ಟ್‌ನ ಕಟ್ಟುನಿಟ್ಟಿನ ವಿಧಾನ) ಇಲ್ಲದ ಕಾರಣ. ಸದಾ ಸ್ಟ್ರಿಕ್ಟ್ ಆಗಿರುವ ಮಾಡ್ಯೂಲ್‌ನಲ್ಲಾಗಿದ್ದರೆ ಟೈಪ್‌ಎರರ್ ಬರುತ್ತಿತ್ತು. ಉತ್ತರ ಕೊಡುವ ಮುನ್ನ ಇಷ್ಟಾದರೂ ಓದಿಕೊಳ್ಳಬಹುದಿತ್ತು.

ತೆರೆದಬ್ರೇಸ್: ಪಾಠ ಹೇಳಿಸಿಕೊಳ್ಳಲು ನಾನು ಇಲ್ಲಿಗೆ ಬಂದಿಲ್ಲ. ಸ್ಟ್ರಿಕ್ಟ್ ಮೋಡ್ ಇಲ್ಲದಿದ್ದರೆ ಕಾನ್ಸ್ಟ್ ಕೂಡ ಸುಮ್ಮನಿರುತ್ತದೆಯೇ, ಹೇಳಿ ನೋಡೋಣ.

ಪರಿಣತ: ಇರುವುದಿಲ್ಲ. 2015ರ ಇಎಸ್6 (ಜಾವಾಸ್ಕ್ರಿಪ್ಟ್ ಮಾನದಂಡದ ಆವೃತ್ತಿ) ನಿಯಮದ ಪ್ರಕಾರ ಕಾನ್ಸ್ಟ್ ಎರಡೂ ಮೋಡ್‌ಗಳಲ್ಲಿ ದೋಷ ಎಸೆಯುತ್ತದೆ. ಅದಕ್ಕೂ ಹಿಂದಿನ ಕೆಲವು ಬ್ರೌಸರ್‌ಗಳು ಮಾತ್ರ ಸುಮ್ಮನಿರುತ್ತಿದ್ದವು. ಜಗಳವನ್ನು ಇಲ್ಲಿಗೆ ನಿಲ್ಲಿಸಿ.

ಹಸಿರುದೀಪ: ನನಗೆ ಬಂದ ಸಂದೇಶ ಇದು: “ರಹಸ್ಯ ಕೀಲಿಯನ್ನು ಕಾನ್ಸ್ಟ್‌ನಲ್ಲಿಟ್ಟರೆ ಯಾರೂ ಕದಿಯಲಾರರು. ಎಲ್ಲರಿಗೂ ಕಳುಹಿಸಿ.”

ಪರಿಣತ: ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಕಾನ್ಸ್ಟ್ ತಡೆಯುವುದು ಮರುನಿಯೋಜನೆಯನ್ನೇ ಹೊರತು ಓದುವುದನ್ನಲ್ಲ. ಬ್ರೌಸರ್‌ಗೆ ಹೋದ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಹಾಗೆ ಇಟ್ಟಿದ್ದರೆ ಆ ಕೀಲಿಯನ್ನು ಕೂಡಲೇ ರದ್ದುಮಾಡಿ. ಇಂಥ ಫಾರ್ವರ್ಡ್‌ಗಳಿಗೆ ಇನ್ನು ಮುಂದೆ ನಾನು ಉತ್ತರಿಸುವುದಿಲ್ಲ.

ಮೂರನೆಯಟ್ಯಾಬ್: ಕಾನ್ಸ್ಟ್ ಅರೇಗೆ ಪುಶ್ ಆಗುತ್ತಿದೆ, ಇದು ಬ್ರೌಸರ್‌ನ ದೋಷವೇ?

ಪರಿಣತ: ಮೇಲೆ ಓದಿ.

ರಾತ್ರಿಪಾಳಿ: ಫಾರ್ ಲೂಪ್ ಬಗ್ಗೆ ಕೇಳಿದ್ದೆ.

ತೆರೆದಬ್ರೇಸ್: ಇಲ್ಲಿ ಉತ್ತರ ಸಿಗಬೇಕಾದರೆ ಎರಡನೇಸಾಲು ಅವರ ಅನುಮತಿ ಬೇಕು.