ಶರಾವತಿ ತುಂಬಿ ಹರಿಯುವಾಗಲೇ ಹೊನ್ನಾವರದ ಬೋಟುಗಳು ಕಡಲಿಗೆ ಇಳಿಯುವುದಿಲ್ಲವೇಕೆ?

ಪ್ರಶ್ನೆ (ತುಮರಿ, ಸಾಗರ ತಾಲ್ಲೂಕು):
ಮಾನ್ಯರೇ, 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೆ ನಮ್ಮ ಸೀಮೆಯವರು ಹೊಳೆಬಾಗಿಲಿನ ಲಾಂಚನ್ನೇ ನಂಬಿದ್ದೆವು. ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ತೀರ ಇಳಿದಾಗ ಲಾಂಚಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. ಮಳೆ ಬಂದು ನೀರು ಏರಿದರೆ ನಮಗೆ ನೆಮ್ಮದಿ. ಇದೇ ನದಿಯ ಕೊನೆಯಲ್ಲಿರುವ ಹೊನ್ನಾವರದಲ್ಲಿ ಮಾತ್ರ ಮಳೆಗಾಲದಲ್ಲೇ ಬೋಟುಗಳೆಲ್ಲ ದಡ ಸೇರಿರುತ್ತವೆ. ಇದಕ್ಕೆ ಸರ್ಕಾರದ ನಿಷೇಧವಷ್ಟೇ ಕಾರಣವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಹೊನ್ನಾವರ ಮೂಲ, ಈಗ ಶಿವಮೊಗ್ಗ):
ನಿಷೇಧವಿರುವುದು ನಿಜ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಮೀನು ಹಿಡಿಯುವಂತಿಲ್ಲ. ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲವದು. ಆದರೆ ನಿಷೇಧವಿಲ್ಲದಿದ್ದರೂ ಅನುಭವಸ್ಥ ತಂಡೇಲನು, ಅಂದರೆ ಬೋಟು ನಡೆಸುವ ಮುಖ್ಯಸ್ಥನು, ಆ ದಿನಗಳಲ್ಲಿ ಹೊಳೆ ಕಡಲು ಸೇರುವ ಅಳಿವೆಯನ್ನು ದಾಟಲು ಹಿಂಜರಿಯುತ್ತಾನೆ. ಹೊಳೆ ಹೊತ್ತು ತಂದ ಮರಳೂ ಅಲೆಗಳು ದಂಡೆಯುದ್ದಕ್ಕೂ ತಳ್ಳಿಕೊಂಡು ಬಂದ ಮರಳೂ ಅಳಿವೆಯ ಬಾಯಲ್ಲಿ ಕೂಡಿ ನೀರಿನಡಿಯಲ್ಲಿ ದಿಬ್ಬ ಕಟ್ಟುತ್ತವೆ. ಮಳೆಗಾಲದ ದೊಡ್ಡ ಅಲೆ ಆ ದಿಬ್ಬದ ಮೇಲೆ ಬಂದೊಡನೆ ಎದ್ದು ಒಡೆಯುತ್ತದೆ. ಎದುರಿನಿಂದ ಹೊಳೆಯ ನೆರೆಯೂ ನುಗ್ಗುತ್ತಿದ್ದರೆ ಅದೇ ಅಲೆ ಇನ್ನೂ ಕಡಿದಾಗುತ್ತದೆ. ಇಳಿತದ ಹೊತ್ತು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಆಗ ದಿಬ್ಬದ ಮೇಲೆ ನೀರು ಕಡಿಮೆ, ಹೊರಹರಿವು ಜೋರು. ಆದ್ದರಿಂದಲೇ ಶಾಂತ ಹವೆಯಲ್ಲೂ ಹೆಚ್ಚು ಆಳ ಬೇಡುವ ಬೋಟುಗಳು ಉಬ್ಬರಕ್ಕಾಗಿ ಕಾಯುತ್ತವೆ. ತಮ್ಮ ಹಿನ್ನೀರಿನಲ್ಲಿ ಉಬ್ಬರವಿಳಿತವಿಲ್ಲ, ಕಡಲಿನ ಅಲೆಯೂ ಇಲ್ಲ. ಲಾಂಚಿಗೆ ಬೇಕಿದ್ದುದು ಸಾಕಷ್ಟು ಆಳ.

ಉತ್ತರ 2 (ಹೊಸನಗರ):
ಅಳಿವೆಯಿಂದ ಒಳಗೆ ಮಾತ್ರ ಈ ನದಿ ದೋಣಿಗೆ ಬಹಳ ಅನುಕೂಲವಾಗಿತ್ತು. ಸುಮಾರು 30 ಕಿ.ಮೀ. ದೂರದ ಗೇರುಸೊಪ್ಪೆಯವರೆಗೆ ದೋಣಿಗಳು ಬರುತ್ತಿದ್ದವು. ಹದಿನಾರನೆಯ ಶತಮಾನದಲ್ಲಿ ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದುದಕ್ಕೆ ಘಟ್ಟದ ಕಾಳುಮೆಣಸಿನ ವ್ಯಾಪಾರವೇ ಕಾರಣ. ಮುಂದೆ ಕೆಳದಿಯ ಅರಸರೂ ಹೊನ್ನಾವರ, ಬಸರೂರಿನಂಥ ಬಂದರುಗಳಿಗಾಗಿ ಪೋರ್ಚುಗೀಸರೊಡನೆ ಸೆಣಸಿದರು. ಮಲೆನಾಡಿನ ಇತಿಹಾಸವನ್ನು ಬಂದರುಗಳನ್ನು ಬಿಟ್ಟು ಬರೆಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 3 (ಕಾರ್ಗಲ್):
ಮೇಲಿನವರು ಹೇಳಿದ್ದಕ್ಕೆ ಅಣೆಕಟ್ಟಿನ ವಿಷಯವನ್ನೂ ಸೇರಿಸಬೇಕು. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡ ಮೇಲೆ ವಿದ್ಯುದಾಗಾರಗಳಿಂದ ಹೊರಬಿದ್ದ ಸಿಹಿನೀರು ಬೇಸಿಗೆಯಲ್ಲೂ ಕೆಳಗೆ ಹರಿಯುತ್ತದೆ. ಇದರಿಂದ ಅಳಿವೆಯ ನೀರಿನ ಉಪ್ಪಿನಂಶ ತಗ್ಗಿ, ಉಪ್ಪುನೀರನ್ನೇ ನೆಚ್ಚಿದ ಚಿಪ್ಪುಮೀನುಗಳು ಕ್ಷೀಣಿಸಿವೆ. ಅಣೆಕಟ್ಟೆಯಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಅವು ಇಂದಿಗೂ ಹೇರಳವಾಗಿದ್ದು, ಅನೇಕ ಕುಟುಂಬಗಳಿಗೆ, ವಿಶೇಷವಾಗಿ ಹೆಂಗಸರಿಗೆ, ಜೀವನಾಧಾರವಾಗಿವೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ (ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ಪಡೆಯುವ ಯೋಜನೆ) ಚರ್ಚೆ ನಡೆದಿರುವ ಈ ಹೊತ್ತಿನಲ್ಲಿ, ನಮ್ಮ ಜಿಲ್ಲೆಯ ಸಭೆಗಳಿಗೂ ಹೊನ್ನಾವರದ ಮೀನುಗಾರರನ್ನು ಕರೆಸಿ ಅವರ ಮಾತು ಕೇಳಬೇಕೆಂದು ಕಳಕಳಿಯಿಂದ ಕೋರುತ್ತೇನೆ.